ಕಲ್ಲಿನ ಹಾಲ್‌ಗೆ ಹಳೇ ಕಂಬಳಿ

"ಮೇಡಂ, ಒಂದ್ಸಲ ಬಂದು ಹೋಗ್ರಿ. ಮನೇಲಿ ಯಾರೂ ಮಾತಾಡ್ತಿಲ್ಲ."

ಗೃಹಪ್ರವೇಶವಾಗಿ ಮೂರು ವಾರಕ್ಕೆ ಬಂದ ಫೋನು ಇದು. ಮಾಡಿದವರು ಆ ಮನೆಯ ಯಜಮಾನರು. ಹಿರಿಯೂರಿನಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟವರು. ದಿನವಿಡೀ ಮೋಟಾರಿನ ಸದ್ದಿನ ಮೇಲೆ ಕೂಗಿ ಕೂಗಿ ರೂಢಿಯಾದ ಗಂಟಲು. ಅವರ ಫೋನು ಬಂದರೆ ನಾನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಂಡೇ ಕೇಳುವುದು. ಆವತ್ತೂ ಕೂಗಿಯೇ ಹೇಳಿದರು.

ಗಂಡ ಹೆಂಡಿರ ಜಗಳ ಇರಬೇಕು, ಇದಕ್ಕೆ ನಾನೇನು ಪಂಚಾಯ್ತಿ ಮಾಡಲಿ ಎಂದುಕೊಂಡೆ. ಮನೆಗಳ ವಿನ್ಯಾಸ ಮಾಡಿ, ನಿಂತು ಕಟ್ಟಿಸಿಕೊಡುವುದು ನನ್ನ ಕೆಲಸ. ದುರ್ಗದಲ್ಲಿ ಒಂದು ಸಣ್ಣ ಆಫೀಸು. ಸಿಮೆಂಟಿನ ಡಬ್ಬಿಗಳಂಥ ಮನೆಗಳನ್ನು ಕಂಡರೆ ಮೈ ಉರಿಯುವ ಜಾತಿ ನನ್ನದು. ಮಣ್ಣು, ಕಲ್ಲು, ಮರ, ಬಿದಿರು ಎಂದು ಎದುರು ಸಿಕ್ಕವರಿಗೆಲ್ಲ ಉಪದೇಶ ಮಾಡಿಕೊಂಡು ತಿರುಗುತ್ತಿದ್ದೆ. ಕೇಳುವವರು ಕಡಿಮೆ. ಕೇಳಿದ ಕೆಲವರಲ್ಲಿ ಈ ಮನೆಯ ಒಡತಿ ಒಬ್ಬರು.

ಮೊದಲ ದಿನ ನನ್ನ ಆಫೀಸಿಗೆ ಬಂದು ಕೂತು ಅವರು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ನನ್ನ ಕಿವಿ ಅಷ್ಟಕ್ಕಷ್ಟೆ ಮೇಡಂ. ಸಣ್ಣೋಳಿದ್ದಾಗ ಜ್ವರ ಬಂದು ಹೋದವು. ಮೆಷಿನ್ ಹಾಕ್ಕಂಡ್ರೆ ಎದುರಿಗೆ ಕುಂತು ಆಡಿದ ಮಾತು ತಿಳೀತದೆ. ಅದ್ಕೇ ಮನೆ ಕಣ್ಣು ತುಂಬಂಗಿರ್ಲಿ. ಬಿಳೀ ಗೋಡೆ, ಮೇಲೆ ಪಿಒಪಿ ಹೂವು, ಅವೆಲ್ಲ ಬ್ಯಾಡ. ನೋಡಿದೋರು ಹೌಹಾರ್ಬೇಕು."

ಅವರು ಬಟ್ಟೆ ಹೊಲಿಯುವವರು. ಯಾವ ಬಣ್ಣದ ಪಕ್ಕ ಯಾವ ಬಣ್ಣ ನಿಲ್ಲುತ್ತದೆ ಎಂದು ನನಗಿಂತ ಚೆನ್ನಾಗಿ ಗೊತ್ತು. ಅವರು ಹೇಳಿದ ಎರಡು ಮಾತಿನಲ್ಲಿ ಕಣ್ಣಿನದನ್ನು ನಾನು ಕಿವಿಗೆ ಹಾಕಿಕೊಂಡೆ, ಕಿವಿಯದನ್ನು ಬಿಟ್ಟೆ.

ಹೌಹಾರುವಂಥದ್ದನ್ನೇ ಕಟ್ಟಿದೆ. ಹಿರಿಯೂರಿನಿಂದ ದುರ್ಗದ ಕಡೆ ಬರುವಾಗ ಸಿಗುವ ಅವರ ಜಾಗದಲ್ಲಿ ಆನೆಮರಿ ಗಾತ್ರದ ಒಂದು ಬಂಡೆ ಇತ್ತು. ಸಿಡಿಸಿ ತೆಗೆಯೋಣ ಎಂದರು ಮೇಸ್ತ್ರಿ. ಬೇಡ, ಅದರ ಸುತ್ತಲೇ ಹಾಲ್ ಕಟ್ಟೋಣ ಎಂದೆ. ಹದಿನಾಲ್ಕು ಅಡಿ ಎತ್ತರದ ಹಾಲ್. ನಾಲ್ಕೂ ಕಡೆ ಗಾರೆ ಕಾಣದ ಸೈಜುಗಲ್ಲು. ಮೇಲೆ ಕಲ್ಲಿನ ಚಪ್ಪಡಿ. ಕೆಳಗೆ ಮುಖ ಕಾಣುವಷ್ಟು ತಿಕ್ಕಿದ ಕಪ್ಪು ಆಕ್ಸೈಡ್ ನೆಲ. ಸೋಫಾ ಬೇಡ ಎಂದು ಕಲ್ಲಿನದೇ ಕಟ್ಟೆ. ಬಾಗಿಲಿಗೆ ಎದುರಾಗಿ ಇಪ್ಪತ್ತನಾಲ್ಕು ಅಡಿ ಉದ್ದದ ಗೋಡೆ, ಪೂರ್ತಿ ಗುಲಾಬಿ ಛಾಯೆಯ ಕಲ್ಲಿನದು. ಒಂದೊಂದು ಕಲ್ಲನ್ನೂ ನಾನೇ ಕ್ವಾರಿಯಲ್ಲಿ ನಿಂತು ಆರಿಸಿದ್ದೆ. ಬೆಳಗಿನ ಬಿಸಿಲು ಆ ಗೋಡೆಗೆ ಬಿದ್ದರೆ ನಾನೇ ಕೆಲಸ ಬಿಟ್ಟು ನೋಡುತ್ತ ನಿಲ್ಲುತ್ತಿದ್ದೆ. ಮನೆಗಳ ಬಗ್ಗೆ ಬರೆಯುವ ಪತ್ರಿಕೆಯವರು ಫೋಟೊ ತೆಗೆಯಲು ಬರುತ್ತೇವೆ ಎಂದಿದ್ದರು. ನೆಲದ ಮೇಲೆ ನನ್ನ ಕಾಲು ನಿಲ್ಲುತ್ತಿರಲಿಲ್ಲ ಬಿಡಿ.

ಆ ಹಾಲ್‌ಗೆ ಹೋಗಿ ನಿಂತಾಗ ಒಡತಿ ಅಲ್ಲಿರಲಿಲ್ಲ. ಪಿಯುಸಿ ಓದುವ ಮಗಳು ಸನ್ನೆ ಮಾಡಿ ಹಿತ್ತಲಿಗೆ ಕರೆದಳು. ಮನೆಯೊಳಗೆ ಸನ್ನೆ, ಹೊರಗೆ ಬಂದ ಮೇಲೆ ಮಾತು. "ಅಮ್ಮ ಅಲ್ಲವರೆ, ಮೇಡಂ." ಹಸುವಿಗೆಂದು ಸಪ್ಪೆ ಒಟ್ಟಿದ ಕೊಟ್ಟಿಗೆ. ಒಣ ಜೋಳದ ದಂಟಿನ ಆ ಸಪ್ಪೆಯ ಕಂತೆಗಳ ನಡುವೆ ಹೊಲಿಗೆ ಯಂತ್ರ ಇಟ್ಟುಕೊಂಡು, ಕಿವಿಗೆ ಮೆಷಿನ್ ಹಾಕಿಕೊಂಡು ಒಡತಿ ಕೂತಿದ್ದರು.

"ಕುಂತ್ಕಳ್ರಿ ಮೇಡಂ," ಎಂದರು. "ಇಲ್ಲಾದ್ರೆ ಮಾತು ಮಾತಿನಂಗೆ ಕೇಳ್ತದೆ. ಒಳಗೆ ಹೋದ್ರೆ ಎಲ್ಲ ಗೊಜ್ಜು. ಪಾತ್ರೆ ಸದ್ದು, ಕುಕ್ಕರ್ ಸದ್ದು, ಇವ್ರ ಕೂಗು, ಇವಳ ಮಾತು, ಎಲ್ಲ ಒಂದ್ರ ಮೇಲೊಂದು ಬಿದ್ದು ತಲೆ ಒಡೀತದೆ. ಅದ್ಕೆ ಒಳಗೆ ಮೆಷಿನ್ ತೆಗೆದಿಟ್ಬಿಡ್ತೀನಿ."

"ಹಳೇ ಬಾಡಿಗೆ ಮನೇಲಿ?"

"ಅಲ್ಲಿ ಚೆನ್ನಾಗಿತ್ತು. ಇಕ್ಕಟ್ಟಿತ್ತು, ಹಾಸಿಗೆ ಬಟ್ಟೆ ಎಲ್ಲ ಅಲ್ಲೇ ಬಿದ್ದಿರ್ತಿದ್ವು. ಎಲ್ಲರ ಮಾತೂ ತಿಳೀತಿತ್ತು."

ಎದ್ದು ಒಳಗೆ ಹೋಗಿ ಹಾಲ್‌ನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದೆ. ಆ ಸದ್ದು ಗೋಡೆಯಿಂದ ಗೋಡೆಗೆ, ಗೋಡೆಯಿಂದ ಚಪ್ಪಡಿಗೆ ಬಡಿದು ಎಷ್ಟು ಹೊತ್ತಾದರೂ ಸಾಯಲೇ ಇಲ್ಲ. ಕಟ್ಟುವಾಗ ಸಾವಿರ ಸಲ ಅಲ್ಲಿ ಓಡಾಡಿದ್ದೇನೆ. ಸೆಂಟ್ರಿಂಗ್ ಮರ, ಗೋಣಿಚೀಲ, ಮರಳಿನ ರಾಶಿ ತುಂಬಿದ್ದಾಗ ಗೊತ್ತಾಗಿರಲಿಲ್ಲ. ಗೃಹಪ್ರವೇಶದ ದಿನ ಜನ ತುಂಬಿದ್ದರು, ಆವತ್ತೂ ಗೊತ್ತಾಗಲಿಲ್ಲ. ಖಾಲಿ ಮಾಡಿದ ಮೇಲೆ ಕಲ್ಲು ತನ್ನ ಗುಣ ತೋರಿಸಿತ್ತು. ಕಿವಿ ಮಂದವಿರುವ ಹೆಣ್ಣುಮಗಳಿಗೆ ನಾನು ಒಂದು ಗುಹೆ ಕಟ್ಟಿಕೊಟ್ಟಿದ್ದೆ.

ಯಜಮಾನರು ಬಾಗಿಲಲ್ಲಿ ನಿಂತಿದ್ದರು. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಂಗಾತು ನಮ್ಮ ಬಾಳು," ಎಂದು ಕೂಗಿದರು. ಆ ಮಾತೂ ಹಾಲ್ ತುಂಬ ಸುತ್ತಿತು. ನಾನು ತಲೆ ತಗ್ಗಿಸಿಕೊಂಡು ಹೊರಗೆ ಬಂದೆ.

ದುರ್ಗದಲ್ಲಿ ಅವರ ಕಿವಿ ನೋಡುವ ಡಾಕ್ಟರಮ್ಮನನ್ನು ಕಂಡೆ. ಆಕೆ ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಸದ್ದು ಕಿವಿಗೆ ಬೀಳೋದು ಬೇರೆ, ಅದನ್ನ ಮಾತು ಅಂತ ಗುರುತು ಹಿಡಿಯೋದು ಬೇರೆ," ಎಂದರು. "ಎರಡನೇದು ತಲೆ ಕೆಲಸ, ಅದು ರೂಢಿ. ಮೆಷಿನ್ ತೆಗೆದಿಟ್ಟಷ್ಟು ದಿನ ಆ ರೂಢಿ ತಪ್ತಾ ಹೋಗುತ್ತೆ. ಈಗಾಗಲೇ ಸ್ವಲ್ಪ ಹಿಂದೆ ಬಿದ್ದಿದ್ದಾರೆ. ತಡ ಮಾಡಬೇಡಿ."

ತಡ ಮಾಡಬೇಡಿ. ಆ ಒಂದು ಮಾತು ಮುಂದಿನ ಎರಡು ತಿಂಗಳು ನನ್ನ ಬೆನ್ನು ಬಿಡಲಿಲ್ಲ. ಗೋಡೆ ಬಿರುಕು ಬಿಟ್ಟರೆ ಒಡೆದು ಕಟ್ಟಬಹುದು, ಚಾವಣಿ ಸೋರಿದರೆ ಗಾರೆ ಹಾಕಬಹುದು. ಇಲ್ಲಿ ಹಾಳಾಗುತ್ತಿದ್ದದ್ದು ಒಬ್ಬ ಹೆಣ್ಣುಮಗಳ ತಲೆಯೊಳಗಿನ ಮಾತು.

ಮೊದಲು ಪರದೆ ಹಾಕಿದೆ. ಕೈಮಗ್ಗದ ಹತ್ತಿ ಪರದೆ, ನೋಡಲು ಬಲು ಚೆಂದ. ಏನೂ ಆಗಲಿಲ್ಲ. ನೆಲಕ್ಕೆ ತೆಂಗಿನ ನಾರಿನ ಚಾಪೆ ಹಾಸಿದೆ. ಅದರ ಮೇಲೆ ಕಾಲೆಳೆದರೆ ಬರುವ ಕರಕರ ಮೆಷಿನ್‌ನಲ್ಲಿ ದೊಡ್ಡದಾಗಿ ಕೇಳಿ ಒಡತಿಗೆ ಇನ್ನೂ ಹಿಂಸೆ. ಎರಡೇ ದಿನಕ್ಕೆ ಸುತ್ತಿ ಎತ್ತಿಟ್ಟರು. ನನ್ನ ಜೊತೆ ಓದಿದ ಒಬ್ಬಾತ ಸಭಾಂಗಣಗಳ ಧ್ವನಿ ಕೆಲಸ ಮಾಡುತ್ತಾನೆ. ಅವನಿಗೆ ಫೋನ್ ಮಾಡಿದರೆ, "ಸ್ಪಂಜಿನ ಹಲಗೆ ಅಂಟಿಸು, ಜಿಪ್ಸಮ್ ಸೀಲಿಂಗ್ ಹೊಡಿ, ವಾರದಲ್ಲಿ ಮುಗಿಯುತ್ತೆ. ಇಲ್ಲ ದಪ್ಪ ಉಣ್ಣೆ ಹಾಕು, ಗೋಡೆಗೂ ಅದಕ್ಕೂ ನಡುವೆ..." ಎಂದು ಇನ್ನೂ ಏನೋ ಹೇಳುತ್ತಿದ್ದ. ಉಣ್ಣೆ ಎಂದ ಕೂಡಲೇ ನಾನು ಫೋನ್ ಇಟ್ಟೆ. ಉಣ್ಣೆ! ಕಂಬಳಿಯ ಸೀಮೆಯಲ್ಲಿ ಹುಟ್ಟಿದವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡೆ. ಅವನ ಮಾತು ಮುಗಿಯುವ ತನಕ ಕೇಳಿದ್ದರೆ ಮೂರು ವಾರ ಉಳಿಯುತ್ತಿತ್ತು. ಆದರೆ ಕೇಳುವುದು ನನ್ನ ಜಾಯಮಾನದಲ್ಲೇ ಇರಲಿಲ್ಲ ಎಂದು ಈಗ ಅರ್ಥವಾಗುತ್ತಿದೆ.

ಅಂಗಡಿಯಿಂದ ಹೊಚ್ಚಹೊಸ ಕರಿ ಕಂಬಳಿ ಹನ್ನೆರಡು ತಂದೆ. ಮೇಸ್ತ್ರಿ ಗೋಡೆಗೆ ಮರದ ಪಟ್ಟಿ ಬಡಿದರು. ಅದರ ಮೇಲೆ ಕಂಬಳಿ ಎಳೆದು, ಸುಕ್ಕಿಲ್ಲದಂತೆ ಬಿಗಿದು, ನಾಲ್ಕೂ ಅಂಚಿಗೆ ಸಾಲಾಗಿ ಮೊಳೆ ಹೊಡೆಸಿದೆ. ಗೆರೆ ಎಳೆದ ಹಾಗೆ ನೆಟ್ಟಗೆ ಕೂತವು. ಅಕ್ಕಪಕ್ಕದ ಎರಡು ಗೋಡೆಗೆ ಮಾತ್ರ. ಗುಲಾಬಿ ಗೋಡೆಯನ್ನು ಮುಟ್ಟಲಿಲ್ಲ. "ಅದು ಒಂದು ಗೋಡೆಯಿಂದ ಏನಾಗುತ್ತೆ, ಇರಲಿ ಬಿಡಿ," ಎಂದೆ. ಯಾರೂ ಕೇಳದಿದ್ದರೂ ಎರಡು ಸಲ ಹೇಳಿದೆ.

ಒಡತಿ ಮೆಷಿನ್ ಹಾಕಿಕೊಂಡು ಬಂದು ನಿಂತರು. ಮಗಳು ಏನೋ ಓದಿ ಹೇಳಿದಳು. ಒಡತಿ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಬೇಜಾರಾಗಬಾರದು ಎಂದು, "ಸ್ವಲ್ಪ ಪರವಾಗಿಲ್ಲ ಕಣ್ರಿ," ಎಂದರು. ಮಾರನೆಯ ದಿನ ಹೋದರೆ ಮತ್ತೆ ಸಪ್ಪೆಯ ನಡುವೆ ಕೂತಿದ್ದರು.

ಆಮೇಲೆ ಮಳೆ ಹಿಡಿಯಿತು. ಕಲ್ಲಿನ ತೇವಕ್ಕೆ ಕಂಬಳಿ ಕುರಿ ನಾತ ಹೊಡೆಯತೊಡಗಿತು. ಹೊಸ ಕಂಬಳಿಯ ನೂಲಿಗೆ ಹುಣಸೆಬೀಜ ಬೇಯಿಸಿದ ಗಂಜಿ ಹಾಕಿರುತ್ತಾರೆ, ನೇಯುವಾಗ ಎಳೆ ಬಿಗಿಯಾಗಿರಲಿ ಎಂದು. ಆ ಗಂಜಿಗೆ ಹುಳ ಹತ್ತಿದವು. ಬೆಳಗಾದರೆ ಕಪ್ಪು ನೆಲದ ಮೇಲೆ ಬಿಳೀ ಹುಡಿ. ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. "ಕುರಿದೊಡ್ಡಿ ಮಾಡಿಟ್ರಲ್ಲ ಮೇಡಂ! ಗುಹೆ ಆತು, ದೊಡ್ಡಿ ಆತು, ಇನ್ನೇನು ಮಾಡ್ತೀರಿ ಹೇಳ್ರಿ!"

"ಕಂಬಳೀಲಿ ಅನ್ನ ಕಟ್ಕಂಡು ಕೂದ್ಲು ಬಂತು ಅಂದ್ರೆ ಹೆಂಗೆ, ಅಣ್ಣಾರೆ?" ಎಂದು ಮೇಸ್ತ್ರಿ ನಗಿಸಲು ನೋಡಿದರು. ಯಾರೂ ನಗಲಿಲ್ಲ. ಯಜಮಾನರು ನೆಟ್ಟಗೆ ವಿಷಯಕ್ಕೆ ಬಂದರು. ಹಳೇ ಬೀದಿಯಲ್ಲಿ ಒಂದು ಬಾಡಿಗೆ ಮನೆ ಮಾತಾಡಿದ್ದಾರಂತೆ. ಮುಂದಿನ ತಿಂಗಳ ಒಂದನೇ ತಾರೀಖಿಗೆ ಹೋಗುವುದು, ಇದಕ್ಕೆ ಬೀಗ ಜಡಿಯುವುದು.

ಒಡತಿಗೆ ಗಂಡನ ಬಾಯಿ ನೋಡಿಯೇ ಮಾತು ತಿಳಿದಿತ್ತು. "ನಾನು ಹೋಗಲ್ಲ," ಎಂದರು. "ಈ ಮನೆ ನನ್ನ ಇಷ್ಟದಂಗೆ ಐತೆ. ಕಿವಿ ಹೋದ್ರೆ ಹೋಗ್ಲಿ."

ಅದನ್ನು ಕೇಳಿ ನನಗೆ ಸಮಾಧಾನವಾಗಲಿಲ್ಲ, ಭಯವಾಯಿತು. ನನ್ನ ಚೆಂದದ ಗೋಡೆಗಾಗಿ ಈಕೆ ಮಾತು ಬಿಡಲು ತಯಾರಾಗಿದ್ದರು. ಆ ರಾತ್ರಿಗಳಲ್ಲಿ ನಾನು ನಿದ್ದೆ ಮಾಡಲಿಲ್ಲ ಎಂದು ಬರೆದರೆ ನಾಟಕೀಯ ಅನ್ನಿಸಬಹುದು. ನಿಜವೆಂದರೆ ಹಗಲೂ ಕೆಲಸ ಮಾಡಲಿಲ್ಲ. ಹೊಳಲ್ಕೆರೆಯಲ್ಲಿ ಶುರುವಾಗಬೇಕಿದ್ದ ಇನ್ನೊಂದು ಮನೆಯ ನಕ್ಷೆ ಹಾಗೇ ಬಿದ್ದಿತ್ತು. ಸ್ಪಂಜು ಅಂಟಿಸಿಬಿಡಲೇ ಎಂದು ಒಂದು ದಿನ ಹೊರಟೂ ಬಿಟ್ಟಿದ್ದೆ. ಒಡತಿಗೆ ಅದರ ಚಿತ್ರ ತೋರಿಸಿದರೆ, "ಇದು ಬ್ಯಾಡ, ಈ ಸ್ಪಂಜ್ ನೋಡ್ಕಂಡು ಹೆಂಗಿರ್ಲಿ? ನಂಗೆ ಇರಾದು ಕಣ್ಣೊಂದೇ," ಎಂದರು. ನನಗೂ ಅಳು ಬಂತು, ಅವರಿಗೂ ಬಂತು.

ಕಣ್ಣು ಒರೆಸಿಕೊಂಡು ಅವರು ಒಳಗೆ ಹೋಗಿ ಒಂದು ಸಣ್ಣ ಡಬ್ಬಿ ತಂದರು. ಅವರ ಹಳೆಯ ಮೆಷಿನ್. "ಹಾಕ್ಕಂಡು ನೋಡ್ರಿ," ಎಂದರು. "ಎಷ್ಟು ಹೇಳಿದ್ರೂ ನಿಮಗೆ ತಿಳೀವಲ್ದು."

ಇಷ್ಟು ದಿನ ನನಗೆ ಇದು ತೋಚಿರಲಿಲ್ಲ. ಸದ್ದು ತೀರ ಕಡಿಮೆಗಿಟ್ಟು ಅವರೇ ನನ್ನ ಕಿವಿಗೆ ಕೂರಿಸಿದರು. ಕೊಟ್ಟಿಗೆಯಲ್ಲಿ ಎಲ್ಲ ಸರಿ ಇತ್ತು, ಹಸು ಮೆಲುಕು ಹಾಕುವುದೂ ಕೇಳುತ್ತಿತ್ತು. ಹಾಲ್‌ಗೆ ಕಾಲಿಟ್ಟೆ. ನನ್ನ ಚಪ್ಪಲಿಯ ಸದ್ದೇ ನಾಲ್ಕು ಕಡೆಯಿಂದ ಬಂತು. ಅಡುಗೆಮನೆಯಲ್ಲಿ ಯಾರೋ ಲೋಟ ಇಟ್ಟರು, ತಲೆಯೊಳಗೆ ಇಟ್ಟ ಹಾಗಾಯಿತು. ಮಗಳು ಹತ್ತು ಅಡಿ ದೂರದಿಂದ ನನ್ನನ್ನು ನೋಡಿ ಏನೋ ಹೇಳಿದಳು. ಅವಳ ತುಟಿ ಆಡಿತು, ಸದ್ದು ಬಂತು, ಒಂದು ಪದವೂ ಪದವಾಗಿ ಬರಲಿಲ್ಲ. ಇನ್ನೊಮ್ಮೆ ಹೇಳಿದಳು. ಆಗಲೂ ಇಲ್ಲ. ಮೂರನೆಯ ಸಲ ನಾನು ಸುಮ್ಮನೆ ತಲೆಯಾಡಿಸಿದೆ, ಕೇಳಿಸಿತು ಎಂಬಂತೆ.

ಒಡತಿ ನಕ್ಕುಬಿಟ್ಟರು. "ನೋಡಿದ್ರಾ? ನಾನೂ ಹಂಗೇ ತಲೆ ಆಡಿಸಾದು."

ಮೆಷಿನ್ ತೆಗೆದುಕೊಟ್ಟು ಗುಲಾಬಿ ಗೋಡೆಯ ಮುಂದೆ ನಿಂತೆ. ಬಿಸಿಲು ಬಿದ್ದಿತ್ತು. ಪತ್ರಿಕೆಯವರಿಗೆ ಅಲ್ಲಿಂದಲೇ ಫೋನ್ ಮಾಡಿ ಬರಬೇಡಿ ಎಂದೆ. ಮೇಸ್ತ್ರಿಗೆ, "ಈ ಗೋಡೆ ಪೂರ್ತಿ ಮುಚ್ಚಾಣ, ಮೇಲಿನ ಚಪ್ಪಡೀನೂ," ಎಂದೆ. ಒಂದನೇ ತಾರೀಖಿಗೆ ಹದಿನೆಂಟು ದಿನವಿತ್ತು.

ಈ ಸಲ ಅಂಗಡಿಗೆ ಹೋಗಲಿಲ್ಲ. ನೇಯುವವರನ್ನೇ ಕೇಳೋಣ ಎಂದು ಹೊಸದುರ್ಗದ ಕಡೆ ಹೊರಟೆ. ಹಾಲುರಾಮೇಶ್ವರಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ಒಡೆಯುವ ಮಣ್ಣುರಸ್ತೆಯ ಕೊನೆಗೆ ಒಂದು ಕುರುಬರ ಹಟ್ಟಿ. ಒಬ್ಬಾತ ನೆಲದ ಕುಳಿಯಲ್ಲಿ ಕಾಲು ಇಳಿಬಿಟ್ಟು ಮಗ್ಗ ನಡೆಸುತ್ತಿದ್ದ. ಅವನ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಜಗಲಿಯ ಮೇಲೆ ಉಣ್ಣೆ ನೂಲುತ್ತಿದ್ದರು. ಗೋಡೆಯಿಂದ ಕಿತ್ತ ಒಂದು ಕಂಬಳಿಯನ್ನು ಅವರ ಮುಂದೆ ಹರಡಿದೆ.

ಅಜ್ಜಿ ಅಂಚಿನ ಒಂದು ತೂತಿನೊಳಗೆ ಬೆರಳು ತೂರಿಸಿದರು. ಆಮೇಲೆ ಇನ್ನೊಂದು ತೂತು. "ಇದ್ಕೇನವ್ವ ಮಾಡಿದ್ರಿ?"

"ಮೊಳೆ ಹೊಡೆದಿದ್ವಿ ಅಜ್ಜಿ."

"ದೇವ್ರಿಗೆ ಗದ್ದಿಗೆ ಹಾಸಾದು ನಾವು ಇದನ್ನೇ. ಮದ್ವೇಲಿ ಹೆಣ್ಣು ಗಂಡು ಕುಂದ್ರಸಾದೂ ಇದ್ರ ಮೇಲೆ. ಇದ್ಕೆ ಮೊಳೆ ಹೊಡೆದ್ಯಾ? ಓದಿದೋಳಂಗೆ ಕಾಣ್ತೀಯ."

ಒಂದೊಂದಾಗಿ ಎಲ್ಲ ಹೇಳಿದೆ, ಕಲ್ಲಿನ ಮನೆ, ಕಿವಿ, ಕೊಟ್ಟಿಗೆ, ಒಂದನೇ ತಾರೀಖು. ಅಜ್ಜಿ ಕೇಳುತ್ತ ಕಂಬಳಿಯನ್ನು ಹಿಸುಕಿ ನೋಡುತ್ತಿದ್ದರು.

"ಇದ್ರ ಗಂಜೀನೇ ಹೋಗಿಲ್ಲ. ಹಲಗೆ ಇದ್ದಂಗೈತೆ," ಎಂದರು. "ಹೊಸ ಕಂಬ್ಳಿ ಹೊದ್ಕಂಡ್ರೆ ಮೈ ತುರಿಸ್ತದೆ ಅಷ್ಟೇ, ಬೆಚ್ಚಗಾಗಲ್ಲ. ಮಳೇಲಿ ನೆನೀಬೇಕು, ಬಿಸ್ಲಾಗೆ ಒಣಗ್ಬೇಕು, ಮೈಗೆ ಉಜ್ಜಿ ಉಜ್ಜಿ ಉಣ್ಣೆ ಅರಳ್ಬೇಕು. ಆವಾಗ ಅದು ಕಂಬ್ಳಿ."

"ಅದಕ್ಕೆ ಎಷ್ಟು ದಿನ ಬೇಕಜ್ಜಿ?"

"ದಿನ ಯಾವ ಲೆಕ್ಕ ತಾಯಿ? ನಾಕೈದು ವರ್ಷ."

ಹೊಳೆಯಲ್ಲಿ ಹುಣಸೆಹಣ್ಣು ತೊಳೆದದ್ದು ಸಾಕು, ಹೋಗಿ ಯಜಮಾನರ ಕಾಲು ಹಿಡಿದು ಬಾಡಿಗೆ ಮನೆಗೆ ಸಾಮಾನು ಸಾಗಿಸಿಕೊಡೋಣ ಎನ್ನಿಸಿತು. ಮಗ್ಗದ ಸದ್ದು ನಿಂತಿತು. ಮಗ ಕುಳಿಯೊಳಗಿಂದಲೇ ಕೇಳಿದ, "ಅವ್ವಾ, ನಾಕು ವರ್ಷದ ಕಂಬ್ಳಿ ಹಟ್ಟೀಲಿ ಎಲ್ಲರ ಹೆಗಲ ಮ್ಯಾಲೂ ಅವೆ ಅಲ್ಲ? ಹೊಸಾದು ಕೊಟ್ಟು ಹಳೇದು ಇಸ್ಕಂಡ್ರೆ?"

ಅಜ್ಜಿ ಮಗನನ್ನು ನೋಡಿದರು, ನನ್ನನ್ನು ನೋಡಿದರು. "ಆಗ್ಲಿ. ಆದ್ರೆ ಮೂರು ಮಾತು," ಎಂದರು. "ಮೊಳೆ ಹೊಡೀಬಾರ್ದು. ಕತ್ರಿ ಹಾಕ್ಬಾರ್ದು. ಓಡಾಡೋರ ಕಾಲಿಗೆ ತಾಗಂಗೆ ಇಳಿಬಿಡಬಾರ್ದು. ಗಳಕ್ಕೆ ಹಾಕು, ನಾವು ಒಣಗ್ಹಾಕ್ತೀವಲ್ಲ ಹಂಗೆ."

ಗೋಡೆಗೆ ಏನನ್ನು ಹೇಗೆ ಹಾಕಬೇಕು ಎಂದು ಹದಿನೈದು ವರ್ಷದಿಂದ ಊರಿಗೆಲ್ಲ ಹೇಳುತ್ತ ಬಂದವಳು ನಾನು. ಆಗಲಿ ಅಜ್ಜಿ ಎಂದೆ.

ಹಟ್ಟಿಯಲ್ಲಿ ನನ್ನ ಹೆಸರು ಒಂದೇ ದಿನಕ್ಕೆ ಕೆಟ್ಟಿತು. ಹೊಸದು ಕೊಟ್ಟು ಹಳೇದು ತಗಂತಾಳಂತೆ, ತಲೆ ನೆಟ್ಟಗೈತೋ ಇಲ್ವೋ ಎಂದು ಹೆಂಗಸರು ನನ್ನೆದುರಿಗೇ ನಕ್ಕರು. ನನ್ನ ಹನ್ನೆರಡು ಕಂಬಳಿಯ ತೂತುಗಳನ್ನು ಮಗ ಕೂತು ನೂಲಿನಿಂದ ಮುಚ್ಚಿದ. ಅವನಲ್ಲಿದ್ದ ಹೊಸವೂ ಸೇರಿ ಮೂವತ್ತು ಹೊಸ ಕಂಬಳಿ ಆದವು. ಎದುರಿಗೆ ಬಂದ ಹಳೆಯವು ಹೇಗಿದ್ದವೆಂದರೆ, ಕಪ್ಪು ಬಿಸಿಲಿಗೆ ಮಾಸಿ ಒಂದು ಕಾಫಿ ಬಣ್ಣ, ಒಂದು ಬೂದಿ, ಒಂದು ಕಬ್ಬಿಣದ ತುಕ್ಕಿನ ಬಣ್ಣ. ತೇಪೆ, ಬೆಂಕಿ ಕಿಡಿಯ ಸುಟ್ಟ ಕಲೆ. ಮುಟ್ಟಿದರೆ ಬೆರಳು ಒಳಗೆ ಇಳಿಯುವಷ್ಟು ಮೆತ್ತಗೆ. ಒಬ್ಬ ಕುರಿ ಕಾಯುವ ಮುದುಕ ಮಾತ್ರ ಕೊಡಲಿಲ್ಲ. "ನನ್ನ ಹೆಂಡ್ತಿ ನೂತ ನೂಲು ಇದು. ನಾನು ಹೋದಾಗ ಇದನ್ನೇ ಹೊದಿಸ್ತಾರೆ. ನೀನು ಬ್ಯಾರೆ ಮನೆ ನೋಡವ್ವ," ಎಂದ. ಇಪ್ಪತ್ತೊಂಬತ್ತರಲ್ಲೇ ಮುಗಿಸಿದೆ.

ಕಂಬಳಿ ಸಿಕ್ಕ ಮೇಲೂ ದೇವರು ಸುಮ್ಮನಿರಲಿಲ್ಲ. ಎಲ್ಲವನ್ನೂ ಅಂಟುವಾಳದ ನೀರಿನಲ್ಲಿ ತೊಳೆಯಬೇಕಿತ್ತು. ತೊಳೆದ ದಿನವೇ ಮೋಡ ಕವಿಯಿತು. ನೆನೆದ ಕಂಬಳಿ ಒಂದನ್ನು ಎತ್ತಲು ಇಬ್ಬರು ಬೇಕು. ಐದು ದಿನ ಬಿಸಿಲಿನ ಸುಳಿವಿಲ್ಲ. ಹಾಗೇ ಒದ್ದೆ ಇದ್ದರೆ ಮುಗ್ಗುಲು ಹಿಡಿಯುತ್ತದೆ, ಮತ್ತೆ ಅದೇ ನಾತ, ಅದೇ ಬೈಗುಳ. ಮೋಡ ಸರಿದಾಗಲೆಲ್ಲ ನಾನು, ಮಗಳು, ಮೇಸ್ತ್ರಿ, ಅವರ ಇಬ್ಬರು ಆಳುಗಳು ಮಾಳಿಗೆಗೆ ಹೊತ್ತು ಓಡುವುದು, ಹನಿ ಬಿದ್ದರೆ ಹೊತ್ತು ಇಳಿಯುವುದು. ಒಮ್ಮೆ ಮೆಟ್ಟಿಲಲ್ಲಿ ಜಾರಿ ಒದ್ದೆ ಕಂಬಳಿಯ ಸಮೇತ ಬಿದ್ದೆ. ಬಿದ್ದಲ್ಲೇ ಕೂತು ಗೊಳೋ ಎಂದು ಅತ್ತೆ. ಒಡತಿ ಬಂದು ಎಬ್ಬಿಸಲಿಲ್ಲ, ಪಕ್ಕದಲ್ಲಿ ಕೂತರು. "ನೀವು ಅಳಾದು ನಂಗೆ ಕೇಳ್ಲಿಲ್ಲ, ಅಕ್ಕಾ. ಮಗಳು ಹೇಳಿದ್ಲು, ಅದ್ಕೆ ಬಂದೆ," ಎಂದರು. ಆವತ್ತಿನ ತನಕ ನಾನು ಅವರಿಗೆ ಮೇಡಂ ಆಗಿದ್ದೆ.

ಗಳ ಕಟ್ಟುವ ಕೆಲಸ ಮೇಸ್ತ್ರಿಯದು. ಕಲ್ಲು ಕಲ್ಲಿನ ಸಂದಿಗೆ ಕಬ್ಬಿಣದ ಕೊಕ್ಕೆ ಕೂರಿಸಿ, ಗೋಡೆಯಿಂದ ಒಂದು ಗೇಣು ಆಚೆಗೆ ಒಂದರ ಕೆಳಗೊಂದು ಬಿದಿರಿನ ಗಳ ಹಾಯಿಸಿದರು. ಕಂಬಳಿಯನ್ನು ಗಳದ ಮೇಲೆ ನಡುವಿಗೆ ಮಡಚಿ ಹಾಕಿದ್ದರಿಂದ ಎರಡು ಪದರವಾಯಿತು. ಅಜ್ಜಿಯ ಮಾತಿನಂತೆ ಕೆಳಗಿನ ಸಾಲಿನ ಅಂಚು ಮೊಣಕಾಲ ಮೇಲೆಯೇ ನಿಂತಿತು. ಚಪ್ಪಡಿಯ ಕೆಳಗೂ ಗಳದಿಂದ ಗಳಕ್ಕೆ ತೊಟ್ಟಿಲಂತೆ ಇಳಿಬಿಟ್ಟೆವು. ಮೊದಲ ಗೋಡೆ ಮುಗಿದಾಗ ಜೊತೆಗೆ ಓದಿದವನಿಗೆ ಫೋಟೊ ಕಳಿಸಿದೆ. ಕೂಡಲೇ ಫೋನ್ ಬಂತು. "ಅಂತೂ ಗೋಡೆಗೂ ಕಂಬಳಿಗೂ ನಡುವೆ ಜಾಗ ಬಿಟ್ಟೆಯಲ್ಲ. ಆವತ್ತು ನಾನು ಅದನ್ನೇ ಹೇಳ್ತಿದ್ದೆ, ನೀನು ಫೋನ್ ಇಟ್ಟುಬಿಟ್ಟೆ." ಬಿಟ್ಟದ್ದು ನಾನಲ್ಲ, ಮೊಳೆ ಬೇಡ ಎಂದ ಅಜ್ಜಿ ಎಂದು ಅವನಿಗೆ ಹೇಳಲು ಬಾಯಿ ಬರಲಿಲ್ಲ.

ಒಂದನೇ ತಾರೀಖಿಗೆ ಎರಡು ದಿನವಿರುವಾಗ ಗುಲಾಬಿ ಗೋಡೆ ಮುಚ್ಚಿತು. ಕೊನೆಯ ಕಂಬಳಿಯನ್ನು ನಾನೇ ಏಣಿ ಹತ್ತಿ ಹಾಕಿದೆ. ಗೋಡೆಯ ಕೆಳಭಾಗದಲ್ಲಿ ಎರಡು ವರಸೆ ಕಲ್ಲು ಮಾತ್ರ ಕಾಣುತ್ತಿತ್ತು. ಕರಿ, ಕಾಫಿ, ಬೂದಿ, ತುಕ್ಕು. ಒಡತಿ ದೂರ ನಿಂತು ನೋಡಿ ಎರಡು ಕಂಬಳಿಗಳ ಜಾಗ ಅದಲುಬದಲು ಮಾಡಿಸಿದರು. ಅವರು ಹೇಳಿದ್ದೇ ಸರಿಯಿತ್ತು.

ಮಧ್ಯಾಹ್ನದ ಹೊತ್ತು ಅಜ್ಜಿ ಮತ್ತು ಅವರ ಮಗ ನೋಡಲು ಬಂದಿದ್ದರು. ಮೇಸ್ತ್ರಿ ಕೈಕಾಲು ತೊಳೆದು ಬಂದು ನಿಂತರು. ಒಡತಿ ಬಂಡೆಗೆ ಒರಗಿ ಕೂತು ಮೆಷಿನ್ ಹಾಕಿಕೊಂಡರು. ಆಗದಿದ್ದರೆ ನನ್ನ ಕೈಯಲ್ಲಿ ಇನ್ನೇನೂ ಉಳಿದಿರಲಿಲ್ಲ.

ಅಷ್ಟರಲ್ಲಿ ಯಜಮಾನರು ಅಂಗಡಿಯಿಂದ ಬಂದು, ಹೊಸ್ತಿಲಲ್ಲೇ ನಿಂತು, ಎಂದಿನ ಗಂಟಲಿನಲ್ಲಿ, "ಏನೇ, ಹೆಂಗೈತೆ ಈಗಾ?" ಎಂದರು.

ಒಡತಿ ಎರಡೂ ಕಿವಿ ಮುಚ್ಚಿಕೊಂಡರು. "ಅಯ್ಯೋ, ಯಾಕ್ರೀ ಹಂಗೆ ಕಿರುಚ್ತೀರಿ? ಮೆಲ್ಲಗೆ ಆಡ್ರಿ."

ಮದುವೆಯಾಗಿ ಇಪ್ಪತ್ತು ವರ್ಷ, ಹೆಂಡತಿಗೆ ಯಜಮಾನರು ಹೇಳಿದ್ದೆಲ್ಲ ಕೂಗಿ ಹೇಳಬಹುದಾದಂಥದ್ದೇ ಇರಬೇಕು. ಬೀಗದ ಕೈ ಎಲ್ಲಿ, ಕರೆಂಟ್ ಹೋಯ್ತು, ಯಾರೋ ಬಂದವ್ರೆ. ಮೆಲ್ಲಗೆ ಏನು ಹೇಳಬೇಕೋ ಅವರಿಗೆ ತಿಳಿಯುತ್ತಿರಲಿಲ್ಲ. ನಮ್ಮೆಲ್ಲರ ಮುಖ ನೋಡಿದರು. ನಾಚಿಕೆಯಾಗಿ ಗೋಡೆಯ ಕಡೆ ತಿರುಗಿದರು. ಈಗ ಅವರ ಬೆನ್ನು ಮಾತ್ರ ಕಾಣುತ್ತಿತ್ತು, ತುಟಿ ಯಾರಿಗೂ ಕಾಣುತ್ತಿರಲಿಲ್ಲ. ಹಾಗೇ ನಿಂತು, ನಾನು ಒಮ್ಮೆಯೂ ಕೇಳದಿದ್ದ ಒಂದು ಸಣ್ಣ ದನಿಯಲ್ಲಿ ಅಂದರು.

"ಉಂಡ್ಯಾ?"

ಒಡತಿ ತಲೆ ಎತ್ತಿದರು. "ಏನಂದ್ರಿ?"

ಮೇಸ್ತ್ರಿ ತಲೆ ಕೆಳಗೆ ಹಾಕಿದರು. ಮಗಳು ಅಮ್ಮನ ಭುಜ ಹಿಡಿದಳು. ಯಜಮಾನರು ಗಿರಕ್ಕನೆ ಇತ್ತ ತಿರುಗಿ, ಹಳೇ ರೂಢಿಯಲ್ಲಿ ಕೂಗಲು ಉಸಿರೆಳೆದುಕೊಂಡರು.

ಒಡತಿ ಕೈ ಅಡ್ಡ ಹಿಡಿದರು. "ಕೂಗ್ಬ್ಯಾಡ್ರಿ. ಉಂಡ್ಯಾ ಅಂದ್ರಿ, ಕೇಳ್ತು. ಇನ್ನೊಂದ್ಸಲ ನಿಮ್ಮ ಬಾಯಲ್ಲಿ ಅನ್ನಿಸ್ಬೇಕು ಅಂತ ಕೇಳ್ದೆ."